ಜೀವ ಕೊಟ್ಟವರ ಪಟ್ಟಿ

ನಮ್ಮ ತಿಲ್ಲಾಕೂರು ಹಳ್ಳಿಯ ಯುದ್ಧ ಸ್ಮಾರಕದ ಮೇಲೆ ಮೂವತ್ತೆಂಟು ಹೆಸರುಗಳಿವೆ. ಅವರಲ್ಲಿ ಮೂವತ್ತೇಳು ಮಂದಿ ಸತ್ತಿದ್ದಾರೆ. ಮೂವತ್ತೆಂಟನೆಯವನು ದಿನಾ ಬೆಳಿಗ್ಗೆ ಏಳೂವರೆಗೆ ನನ್ನ ಕೆಫೆಗೆ ಬಂದು, ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಕಾಫಿ ಕುಡಿದು, "ಬಾಸಿಲ್, ಇವತ್ತೂ ಕಹಿ ಕಣೋ" ಎಂದು ದೂರಿ ಎದ್ದು ಹೋಗುತ್ತಾನೆ.

ಇದು ಹೇಗಾಯಿತು ಎಂದು ಬಂದಬಂದವರೆಲ್ಲ ಕೇಳುತ್ತಾರೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಊರಿನಲ್ಲಿ ಕೆಫೆ ನಡೆಸುವವನು ನಾನು, ಪ್ರತಿ ನವೆಂಬರ್ ಹನ್ನೊಂದರಂದು, ಮೊದಲ ಮಹಾಯುದ್ಧ ಮುಗಿದ ದಿನ, ಸ್ಮಾರಕದ ಮುಂದೆ ಬಾವುಟ ಹಿಡಿದು ನಿಲ್ಲುವವನೂ ನಾನೇ. ಆದ್ದರಿಂದ ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ. ತಡೆಯಬಹುದಾಗಿದ್ದ ಕಡೆಯಲ್ಲೆಲ್ಲ ಬಾಯಿ ಮುಚ್ಚಿಕೊಂಡೂ ಇದ್ದೇನೆ.

ಅಶಿಲ್ ಬೊಕೆ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಬೀಟ್‌ಗೆಡ್ಡೆಯ ಲಾರಿಗಳನ್ನು ತೂಗುತ್ತಿದ್ದವನು. ಕಾರ್ಖಾನೆ ಮುಚ್ಚಿದ ದಿನ ಕೆಲಸಗಾರರಿಗೆಲ್ಲ ಒಂದೊಂದು ಗೋಡೆ ಗಡಿಯಾರ ಕೊಟ್ಟರು. ಇವನು ಮಾತ್ರ, "ಗಡಿಯಾರ ನೀವೇ ಇಟ್ಕೊಳ್ಳಿ, ಹಿಂದ್ಗಡೆ ಮುಳ್ಳಿನ ಪೊದೇಲಿ ಬಿದ್ದಿರೋ ಆ ಇಂಜಿನ್ ಕೊಡಿ" ಎಂದ. ಮ್ಯಾನೇಜರಿಗೆ ಅಲ್ಲಿ ಒಂದು ಇಂಜಿನ್ ಇದೆಯೆಂದೇ ಗೊತ್ತಿರಲಿಲ್ಲ. ಗಡಿಯಾರ ಉಳಿಯಿತಲ್ಲ ಎಂದು ಖುಷಿಯಿಂದ ಸಹಿ ಹಾಕಿದರು.

ಅದು ಇನ್ನೂರ ಹದಿನಾಲ್ಕನೇ ನಂಬರಿನ, ಯುದ್ಧಕಾಲದ ಪುಟ್ಟ ರೈಲು ಇಂಜಿನ್. ಒಂದು ಹಳಿಯಿಂದ ಇನ್ನೊಂದಕ್ಕೆ ಅರವತ್ತೇ ಸೆಂಟಿಮೀಟರು. ಪಕ್ಕದಲ್ಲಿ ನಿಂತರೆ ಚಿಮಣಿ ನನ್ನ ತಲೆಗಿಂತ ಒಂದು ಮೊಳ ಎತ್ತರ, ಅಷ್ಟೇ. ಮೊದಲ ಮಹಾಯುದ್ಧದಲ್ಲಿ ಕಂದಕಗಳ ಅಂಚಿನವರೆಗೆ ಮದ್ದುಗುಂಡು, ಬ್ರೆಡ್ಡು, ವೈನು ಎಳೆದುಕೊಂಡು ಹೋಗಿ, ಬರುವಾಗ ಗಾಯಾಳುಗಳನ್ನು ತಂದದ್ದು. ಯುದ್ಧ ಮುಗಿದ ಮೇಲೆ ಅದೇ ಹಳಿಗಳ ಮೇಲೆ ಗೆಡ್ಡೆ ಎಳೆಯಿತು. ಲಾರಿಗಳು ಬಂದ ಮೇಲೆ ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ.

ಅಶಿಲ್ ಅದನ್ನು ಹಿತ್ತಲಿನ ಕೊಟ್ಟಿಗೆಗೆ ತಂದು ಹದಿನೆಂಟು ವರ್ಷ ಉಜ್ಜಿದ, ಕುಟ್ಟಿದ, ಬೆಸೆದ. ಅವನ ಹೆಂಡತಿ ಗಿಲೇನ್ ಅದನ್ನು ಇಂಜಿನ್ ಎಂದು ಕರೆದದ್ದೇ ಇಲ್ಲ. "ನಮ್ಮೆಜಮಾನ್ರು ಮನೇಲಿಲ್ಲ, ನನ್ನ ಸವತಿ ಹತ್ರ ಇದಾರೆ" ಎನ್ನುತ್ತಿದ್ದಳು. ಮದುವೆಯ ವಾರ್ಷಿಕೋತ್ಸವದ ದಿನ ಅವಳು ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪಿನ ಕಡುಬು ಬೇಯಿಸಿಕೊಂಡು ಕಾದಿದ್ದರೆ, ಇವನು ಗ್ರೀಸು ಮೆತ್ತಿದ ಕೈಯಲ್ಲಿ ಒಳಗೆ ಬಂದು, "ಗಿಲೇನ್, ಅವಳ ಎಡಗಡೆ ಸಿಲಿಂಡರು ಇವತ್ತು ನುಣ್ಣಗಾಯ್ತು!" ಎಂದಿದ್ದನಂತೆ. ಆ ಕಡುಬನ್ನು ನಾಯಿ ತಿಂದಿತು.

ಕೊನೆಗೂ ಬಾಯ್ಲರ್ ಪರೀಕ್ಷಕರು ಬಂದು ಮುದ್ರೆ ಒತ್ತಿದರು. ಆದರೆ ಒಂದು ಮಾತು ಹೇಳಿದರು: ಈ ಮುದ್ರೆ ಈ ನವೆಂಬರ್ ಕೊನೆಯವರೆಗೆ ಮಾತ್ರ. ಆಮೇಲೆ ಒಳಗಿನ ಕೊಳವೆಗಳನ್ನೆಲ್ಲ ಕಿತ್ತು ಹೊಸದು ಹಾಕದೆ ಬೆಂಕಿ ಹೊತ್ತಿಸುವಂತಿಲ್ಲ. ಅರವತ್ತೆಂಟು ವರ್ಷದ ಅಶಿಲ್‌ಗೆ ಅದು ಈ ಜನ್ಮದ ಮಾತಲ್ಲ. ಅವನಿಗೆ ಬೇಕಾಗಿದ್ದುದು ಒಂದೇ ಒಂದು ಓಟ. ಆ ವರ್ಷ ಯುದ್ಧ ಮುಗಿದು ಸರಿಯಾಗಿ ನೂರು ವರ್ಷ. ನವೆಂಬರ್ ಹನ್ನೊಂದರಂದು ಕೊಟ್ಟಿಗೆಯಿಂದ ಊರ ಚೌಕದವರೆಗೆ ನಾನೂರು ಮೀಟರು, ಅದರದೇ ಹಬೆಯಲ್ಲಿ. ಗಿಲೇನಳ ತರಕಾರಿ ಪಾತಿಯ ನಡುವೆ ಹಳಿ ಆಗಲೇ ಹಾಕಿಯಾಗಿತ್ತು. ಉಳಿದದ್ದು ಊರ ರಸ್ತೆ ಮತ್ತು ಚೌಕ. ಅದಕ್ಕೆ ಅನುಮತಿ ಬೇಕು.

ಅನುಮತಿ ಕೇಳುವಾಗ "ಒಂದು ಹಳೇ ಇಂಜಿನ್ ಓಡಿಸಬೇಕು" ಎಂದು ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಬೇಸಿಗೆಯಲ್ಲಿ ದಾರಿ ತಪ್ಪಿದ ಪ್ರೊಫೆಸರೊಬ್ಬರು ನೀರು ಕೇಳಲು ಅವನ ಮನೆಗೆ ಹೋಗಿ, ಕೊಟ್ಟಿಗೆಯಲ್ಲಿ ಇಣುಕಿ, ಟೋಪಿ ತೆಗೆದು, "ಇದು ಇಂಜಿನ್ನಲ್ಲ ಮೊಸ್ಯೂ, ಇದು ಸ್ಮಾರಕ!" ಎಂದುಬಿಟ್ಟಿದ್ದರು. ಅಂದಿನಿಂದ ಅಶಿಲ್ ನಡೆಯುವ ರೀತಿಯೇ ಬದಲಾಯಿತು. ನನ್ನ ಕೆಫೆಯಲ್ಲೂ ಅದೇ ಮಾತು.

"ಎಲ್ಲಿಗೆ ಹೊರಟೆ, ಅಶಿಲ್?"

"ಸ್ಮಾರಕಕ್ಕೆ ಎಣ್ಣೆ ಬಿಡ್ಬೇಕು."

ಅರ್ಜಿಯಲ್ಲೂ ಹಾಗೇ ಬರೆದ: ‘ನನ್ನ ಕೊಟ್ಟಿಗೆಯಲ್ಲಿರುವ ಯುದ್ಧಕಾಲದ ಸ್ಮಾರಕವನ್ನು ನವೆಂಬರ್ ಹನ್ನೊಂದರಂದು ಚೌಕಕ್ಕೆ ತರಲು ಅನುಮತಿ ಕೋರಿ.’

ಇದನ್ನು ಜಿಲ್ಲಾ ಕಚೇರಿಯವರು ಹೇಗೆ ಓದಿದರೆಂದು ಊಹಿಸಿ. ದೇಶಕ್ಕಾಗಿ ಮಡಿದವರ ಸ್ಮಾರಕವೊಂದು ತಿಲ್ಲಾಕೂರಿನ ಯಾರದೋ ಕೊಟ್ಟಿಗೆಯಲ್ಲಿ ಬಿದ್ದಿದೆ! ಅದೂ ನೂರನೇ ವರ್ಷದಲ್ಲಿ! ಮೂರು ವರ್ಷದಿಂದ ಚರಂಡಿಗೆ ಮುಚ್ಚಳ ಕೇಳುತ್ತಿದ್ದ ನಮ್ಮ ಊರಿಗೆ ಎಂಟೇ ದಿನದಲ್ಲಿ ಉತ್ತರ ಬಂತು, ಜೊತೆಗೆ ತುಂಬಿ ಕಳಿಸಲು ಒಂದು ನಮೂನೆ.

ನಮೂನೆ ತುಂಬುವವರು ಮದಾಮ್ ಸೊಲಾಂಜ್. ಅವರು ಮೂರು ಹಳ್ಳಿಗಳಿಗೆ ಒಬ್ಬರೇ ಗುಮಾಸ್ತೆ. ನಮ್ಮಲ್ಲಿಗೆ ಮಂಗಳವಾರ, ಶುಕ್ರವಾರ ಮಧ್ಯಾಹ್ನ ಬರುತ್ತಾರೆ. ಹೇಳಿದ್ದನ್ನು ಟೈಪ್ ಮಾಡುವುದು ತಮ್ಮ ಕೆಲಸ, ಯೋಚನೆ ಮಾಡುವುದು ಬೇರೆ ಇಲಾಖೆಯದು ಎಂಬುದು ಅವರ ದೃಢವಾದ ನಂಬಿಕೆ. ನಾನು ಅವತ್ತು ಲೈಸೆನ್ಸ್ ನವೀಕರಿಸಲು ಹೋಗಿದ್ದವನು, ಪಕ್ಕದ ಕುರ್ಚಿಯಲ್ಲೇ ಇದ್ದೆ.

"ಒಂದನೇ ಕಲಮು," ಎಂದು ಕನ್ನಡಕ ಏರಿಸಿಕೊಂಡರು. "ಸ್ಮಾರಕಕ್ಕೆ ಸಂಬಂಧಪಟ್ಟು ಜೀವ ಕೊಟ್ಟವರ ಹೆಸರು. ಹತ್ತು ಗೆರೆ ಇದೆ."

ಅಶಿಲ್ ಕಣ್ಣು ಒದ್ದೆಯಾಯಿತು. "ಇದನ್ನ ಕೇಳ್ತಾರಾ ಸರ್ಕಾರದೋರು? ನೋಡು ಬಾಸಿಲ್, ನಾವು ಸುಮ್ನೆ ಬೈತೀವಿ ಅವರನ್ನ." ಎದೆ ಸೆಟೆಸಿ ಕೂತ. "ಹತ್ತು ಗೆರೆ ಬೇಡ ಮದಾಮ್. ಒಬ್ಬನೇ ಇರೋದು. ಅಶಿಲ್ ಬೊಕೆ."

"ರೀ, ನನ್ನ ಹೆಸರೂ ಬರೆಸ್ರಿ," ಎಂದಳು ಜೊತೆಗೆ ಬಂದಿದ್ದ ಗಿಲೇನ್. "ನಾನು ಕೊಟ್ಟಿದ್ದು ಕಮ್ಮೀನಾ?"

"ನೀನು ಒಂದು ದಿನ ಒಂದು ಬೋಲ್ಟ್ ತಿರುಗ್ಸಿದೀಯೇನೆ?"

"ಹದಿನೆಂಟು ವರ್ಷ ನಿಮ್ಮ ಅಂಗಿ ಒಗೆದಿದೀನಿ."

"ಅಂಗಿಗೆ ಕಲಮಿಲ್ಲ," ಎಂದರು ಮದಾಮ್ ಸೊಲಾಂಜ್. "ಹುದ್ದೆ?"

"ಇಂಜಿನ್ ಚಾಲಕ ಅಂತ ಹಾಕಿ."

"ಜೀವ ಕೊಟ್ಟ ಸ್ಥಳ?"

"ನಮ್ಮನೆ ಹಿತ್ಲು."

ಸರ್ಕಾರಿ ಕಾಗದದಲ್ಲಿ ಹಿತ್ತಲು ಎಂದರೆ ಚೆನ್ನಾಗಿರುವುದಿಲ್ಲ ಎಂದು ಮದಾಮ್ ಸೊಲಾಂಜ್ ಆ ವರ್ಷದಲ್ಲಿ ಮೊದಲ ಬಾರಿಗೆ ಸ್ವಂತ ಬುದ್ಧಿ ಉಪಯೋಗಿಸಿ, ‘ತಿಲ್ಲಾಕೂರಿನ ಪೂರ್ವ ಭಾಗ’ ಎಂದು ಟೈಪ್ ಮಾಡಿದರು. "ಯಾವ ಸಂದರ್ಭದಲ್ಲಿ?"

"ಬಾಯ್ಲರ್ ಹತ್ರ. ಯಾರ ಸಹಾಯವೂ ಇಲ್ದೆ. ಕೊನೇವರೆಗೂ."

ಅದನ್ನು ಅಕ್ಷರಶಃ ಟೈಪ್ ಮಾಡಿದರು. ಓದಿದಾಗ ನನಗೇ ಮೈ ಜುಮ್ಮೆಂದಿತು. ಏನೋ ಎಲ್ಲೋ ಸರಿಯಿಲ್ಲ ಅನ್ನಿಸಿದರೂ, ನನ್ನ ಲೈಸೆನ್ಸಿನ ಸರದಿ ಬಂದದ್ದರಿಂದ ಸುಮ್ಮನಾದೆ.

ಮುಂದಿನ ವಾರ ಜಿಲ್ಲಾ ಕಚೇರಿಯಿಂದ ಸ್ಮಾರಕಗಳ ಅಧಿಕಾರಿ ಮೊಸ್ಯೂ ಪೆಲ್ತಿಯೆ ಸ್ವತಃ ಬಂದರು. ತೆಳ್ಳಗೆ, ಉದ್ದಕ್ಕೆ, ಕಪ್ಪು ಕೋಟು, ಮಾತು ಮಾತಿಗೂ ಕಣ್ಣು ಮುಚ್ಚುವ ಮನುಷ್ಯ. ಅವರ ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಎಲ್ಲ ಊರಿನ ಎಲ್ಲ ಸತ್ತವರನ್ನೂ ಅವರಿಗಿಂತ ಮೊದಲೇ ಯಾರೋ ಎಣಿಸಿಬಿಟ್ಟಿದ್ದರು. ಈಗ, ನಿವೃತ್ತಿಗೆ ಎರಡು ತಿಂಗಳಿರುವಾಗ, ಅವರ ಪಾಲಿಗೆ ಒಬ್ಬ ಸಿಕ್ಕಿದ್ದ. ಮೇಯರ್ ಕೊರ್ನೆ ಅವರನ್ನು ನನ್ನ ಕೆಫೆಗೇ ಕರೆತಂದರು. ಕೊರ್ನೆ ನಮ್ಮ ಊರಿನ ದೊಡ್ಡ ರೈತ. ಅಧಿಕಾರಿಗಳು ಯಾರೇ ಬರಲಿ, ಅವರು ಹೋಗುವವರೆಗೆ ತಲೆಯಾಡಿಸುವುದೇ ಅವರ ಆಡಳಿತ.

"ಬಾಯ್ಲರ್ ಹತ್ರ. ಯಾರ ಸಹಾಯವೂ ಇಲ್ಲದೆ. ಕೊನೆಯವರೆಗೂ," ಎಂದು ಪೆಲ್ತಿಯೆ ಕಣ್ಣು ಮುಚ್ಚಿ ಹೇಳಿದರು. "ಈ ಸಾಲು ಓದಿ ನಮ್ಮ ಕಚೇರೀಲಿ ಇಬ್ಬರು ಅತ್ತರು. ಪೂರ್ವ ಭಾಗದಲ್ಲಿ ಗುಂಡಿನ ಸುರಿಮಳೆ ಆಗ್ತಿರುವಾಗ ಆ ಚಾಲಕ ಇಂಜಿನ್ ಬಿಟ್ಟು ಓಡಲಿಲ್ಲ. ಆ ಕುಟುಂಬದವರು ಯಾರಾದ್ರೂ ಇದಾರಾ?"

ಮೇಯರ್ ಬಾಗಿಲ ಪಕ್ಕದ ಮೇಜಿನಲ್ಲಿದ್ದ ಅಶಿಲ್‌ನ ಕಡೆ ಕೈ ತೋರಿಸಿದರು. ಪೆಲ್ತಿಯೆ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ತಮ್ಮ ಹೆಸರು?"

"ಅಶಿಲ್ ಬೊಕೆ."

"ಅಯ್ಯೋ! ಅವರ ಹೆಸರನ್ನೇ ನಿಮಗೂ ಇಟ್ಟಿದಾರೆ!"

ಯಾರ ಹೆಸರು ಎಂದು ಅಶಿಲ್‌ಗೆ ಅರ್ಥವಾಗಲಿಲ್ಲ. ಆದರೆ ಕೋಟು ಹಾಕಿದವರು ಕಣ್ಣೀರಿಡುತ್ತಾ ಕೈ ಹಿಡಿದಾಗ "ಇಲ್ಲ" ಎನ್ನುವುದು ನಮ್ಮ ಕಡೆ ಅಸಭ್ಯತನ. "ಹೌದು ಸ್ವಾಮಿ," ಎಂದ. "ಇಂಜಿನ್ ಚೌಕಕ್ಕೆ ಬರತ್ತಲ್ಲ?"

"ಖಂಡಿತಾ ಬರತ್ತೆ. ಇನ್ನು ಅದನ್ನ ಯಾರೂ ಅಲ್ಲಾಡಿಸೋ ಹಾಗಿಲ್ಲ!"

ಆ ಕೊನೆಯ ಮಾತನ್ನು ಅಶಿಲ್, ತನ್ನ ಓಟವನ್ನು ಇನ್ನು ಯಾರೂ ತಡೆಯುವಂತಿಲ್ಲ ಎಂಬ ಅರ್ಥದಲ್ಲಿ ತೆಗೆದುಕೊಂಡ. ಎಲ್ಲರಿಗೂ ಒಂದು ಸುತ್ತು ವೈನ್ ಕೊಡಿಸಿದ.

ಮರುದಿನ ಪೇಪರಿನಲ್ಲಿ ಬಂತು: ‘ನೂರು ವರ್ಷ ಮರೆತ ವೀರ ಚಾಲಕ ಪತ್ತೆ. ಅಜ್ಜನನ್ನು ನೆನೆದು ಭಾವುಕರಾದ ಮೊಮ್ಮಗ.’ ಫೋಟೋದಲ್ಲಿ ಅಶಿಲ್ ಬಾಯಿ ತೆರೆದುಕೊಂಡು ನಿಂತಿದ್ದ. ಗಿಲೇನ್ ಪೇಪರನ್ನು ನನ್ನ ಕೌಂಟರಿನ ಮೇಲೆ ಬಡಿದಳು.

"ಇಲ್ನೋಡು ಬಾಸಿಲ್. ಇಷ್ಟು ದಿನ ಬರೀ ಸವತಿ ಇದ್ಲು. ಈಗ ಕಟ್ಕೊಂಡಿರೋ ಗಂಡಾನೇ ನನಗೆ ತಾತ ಆಗ್ಬಿಟ್ಟ. ಅದೂ ಸತ್ತಿರೋ ತಾತ!"

"ತಪ್ಪು ಮಾಡಿದಾರೆ, ಹೋಗಿ ಹೇಳಿದ್ರೆ ಸರಿ ಮಾಡ್ತಾರೆ," ಎಂದ ಅಶಿಲ್. ಸರ್ಕಾರದ ಮೇಲೆ ಅವನಿಗೆ ಇನ್ನೂ ಅಭಿಮಾನವಿತ್ತು. ಮರುದಿನ ಬೆಳಗಿನ ಬಸ್ಸಿಗೆ ಜಿಲ್ಲಾ ಕೇಂದ್ರಕ್ಕೆ ಹೊರಟ. ಒಬ್ಬನೇ ಹೋದರೆ ಕೆಡಿಸಿಕೊಂಡು ಬರುತ್ತಾನೆಂದು ಗಿಲೇನ್ ನನ್ನನ್ನೂ ಹತ್ತಿಸಿದಳು.

ಕೌಂಟರಿನ ಹಿಂದಿನ ಹೆಂಗಸು ಬಹಳ ಒಳ್ಳೆಯವಳು. ಅದೇ ತೊಂದರೆ.

"ಮಡಿದವರ ಪಟ್ಟಿಯಿಂದ ಹೆಸರು ತೆಗೀಬೇಕಾ? ಯಾಕೆ ಸರ್, ಮನೇಲಿ ಏನಾದ್ರೂ ಜಗಳಾನಾ?"

"ಜಗಳ ಅಲ್ಲಮ್ಮ. ಆ ಮನುಷ್ಯ ಸತ್ತಿಲ್ಲ. ಅದು ನಾನೇ."

ಅವಳು ಮಗುವಿಗೆ ಹೇಳುವಂತೆ ಮೆತ್ತಗೆ ಹೇಳಿದಳು: "ಅವರು ನಿಮ್ಮೊಳಗೇ ಇದಾರೆ ಅನ್ಸತ್ತೆ ಅಲ್ವಾ? ನಂಗೂ ನಮ್ಮಜ್ಜಿ ವಿಷಯದಲ್ಲಿ ಹಾಗೇ ಆಗತ್ತೆ."

"ಒಳಗಲ್ಲಮ್ಮಾ! ಹೊರಗೇ ಇದೀನಿ! ನನ್ನ ತಾತನ ಹೆಸರು ಫುಲ್ಜಾನ್ಸ್. ಯುದ್ಧದಲ್ಲಿ ಅವನು ಬಾಣಸಿಗ. ತೊಂಬತ್ತು ವರ್ಷ ಬದುಕಿ ಮಂಚದ ಮೇಲೆ ಸತ್ತ."

"ಹಾಗಾದ್ರೆ ತಾಯಿ ಕಡೆ ತಾತ ಇರ್ಬೇಕು."

"ಅವನು ಬೆಲ್ಜಿಯಂನೋನು!"

"ಪರವಾಗಿಲ್ಲ ಸರ್, ಅದರಲ್ಲಿ ನಾಚಿಕೆ ಏನಿದೆ?" ಅವಳು ಒಂದು ಹಾಳೆ ಮುಂದಿಟ್ಟಳು. "ಹೆಸರು ತೆಗೆಸೋಕೆ ಆ ವ್ಯಕ್ತಿ ಯುದ್ಧದಲ್ಲಿ ಸಾಯಲಿಲ್ಲ ಅನ್ನೋದಕ್ಕೆ ಆ ಕಾಲದ ಸಾಕ್ಷಿ ಇಬ್ಬರು ಬಂದು ಸಹಿ ಹಾಕ್ಬೇಕು."

"ನೂರು ವರ್ಷದ ಹಿಂದಿನ ಸಾಕ್ಷಿನಾ?"

"ಬದುಕಿರೋರೇ ಆಗ್ಬೇಕು," ಎಂದು ಅವಳು ಬೇಸರದಿಂದ ಸೇರಿಸಿದಳು. "ಇತ್ತೀಚೆಗೆ ಅವರು ಸಿಗೋದು ಸ್ವಲ್ಪ ಕಷ್ಟ."

ನಾನು ಮುಂದೆ ಬಂದು, "ನಾನು ಇವನ ಗೆಳೆಯ, ನಾನೇ ಸಾಕ್ಷಿ" ಎಂದೆ. ಅವಳು ನನ್ನ ಕೈಯನ್ನೂ ತಟ್ಟಿ, "ಇಂಥ ಗೆಳೆಯರು ಇರ್ಬೇಕು" ಎಂದಳು. ಅಶಿಲ್ ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿಗೆ ತಲೆ ಒರಗಿಸಿಕೊಂಡು, "ಹೋಗ್ಲಿ ಬಿಡು. ನಾನು ಸತ್ರೆ ಸತ್ತೆ, ಇಂಜಿನ್ ಓಡಿದ್ರೆ ಸಾಕು" ಎಂದ.

ಚೌಕದಲ್ಲಿ ಬಸ್ಸು ನಿಂತಿತು. ಇನ್ನೂರ ಹದಿನಾಲ್ಕು ಅಲ್ಲೇ ಇತ್ತು. ಹಳೇ ಸ್ಮಾರಕದ ಪಕ್ಕದಲ್ಲಿ, ಎತ್ತರದ ಹೊಸ ಕಟ್ಟೆಯ ಮೇಲೆ, ಚೆಂದಕ್ಕೆ. ಮೇಯರ್ ತಮ್ಮ ಟ್ರ್ಯಾಕ್ಟರಿನಲ್ಲಿ ಎಳೆಸಿ ತಂದಿದ್ದರು. ಅಶಿಲ್‌ನ ಮುಖ ಅರಳಿತು. ಹತ್ತಿರ ಹೋದ. ಇಂಜಿನ್ನಿನ ಆರು ಚಕ್ರಗಳೂ ಗೇಣುದ್ದ ಕಾಂಕ್ರೀಟಿನಲ್ಲಿ ಹೂತಿದ್ದವು. ಮೇಸ್ತ್ರಿ ಮೊಣಕಾಲೂರಿ ಅಂಚು ಸವರುತ್ತಿದ್ದ.

"ಮುಟ್ಬೇಡಿ," ಎಂದ ಮೇಸ್ತ್ರಿ. "ಇನ್ನೂ ಹಸಿ ಇದೆ."

ಅಶಿಲ್ ಮುಟ್ಟಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ನಾನು ಅವನನ್ನು ನಲವತ್ತು ವರ್ಷದಿಂದ ಬಲ್ಲೆ. ಅವನಪ್ಪ ಸತ್ತ ದಿನವೂ ಅವನು ಹಾಗೆ ಕೂತಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ಮೇಯರ್ ಮನೆಗೆ ಓಡಿದೆ. ಹಿಂದಿನಿಂದ ಗಿಲೇನಳೂ ಬಂದಳು.

"ಮೇಯರ್ ಸಾಹೇಬ್ರೆ, ಹಸಿ ಇರುವಾಗಲೇ ಒಡೆಸಿಬಿಡಿ."

ಕೊರ್ನೆ ಊಟದ ಮೇಜಿನಿಂದ ಏಳದೆ ತಲೆಯಾಡಿಸಿದರು. "ಒಡೆಸ್ಬಹುದು ಬಾಸಿಲ್. ಆದ್ರೆ ಬೆಳಿಗ್ಗೆ ಹತ್ತೂಕಾಲಿಗೆ ಜಿಲ್ಲಾ ಕಚೇರಿಯೋರು ಅದನ್ನ ಸ್ಮಾರಕ ಅಂತ ದಾಖಲೆ ಮಾಡಿ ಹೋದ್ರು. ಸ್ಮಾರಕ ಒಡೆದ್ರೆ ಜೈಲು. ಹತ್ತು ಗಂಟೆಗೆ ಬಂದಿದ್ರೆ ಬರೀ ಕಾಂಕ್ರೀಟು."

"ಅವನ ಹೆಸರಾದ್ರೂ ತೆಗೆಸಿ. ಗ್ರಾಮಸಭೇಲಿ ಮತಕ್ಕೆ ಹಾಕಿ."

"ಹಾಕಿದೆನಪ್ಪಾ ಆಗ್ಲೇ, ನೀವು ಬಸ್ಸಲ್ಲಿದ್ದಾಗ. ಏನಂತ ಕೈ ಎತ್ಬೇಕು ಹೇಳು? ‘ದೇಶಕ್ಕಾಗಿ ಮಡಿದವನ ಹೆಸರು ಅಳಿಸೋಕೆ ಒಪ್ಪುವವರು’ ಅಂತ ಕೇಳಿದೆ. ಒಬ್ಬರೂ ಕೈ ಎತ್ಲಿಲ್ಲ. ಮುಂದಿನ ಸಲ ಅವರಿಗೂ ಓಟು ಬೇಕಲ್ಲ."

"ಆದ್ರೆ ಅವರು ಬದುಕಿದಾರೆ!" ಎಂದು ಗಿಲೇನ್ ಕಿರುಚಿದಳು.

"ಗೊತ್ತಮ್ಮ. ಸಭೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಎಲ್ಲರಿಗೂ ತುಂಬಾ ಬೇಜಾರಾಯ್ತು." ಕೊರ್ನೆ ಬ್ರೆಡ್ಡಿನಿಂದ ತಟ್ಟೆ ಒರೆಸಿಕೊಂಡರು. "ಪೆಲ್ತಿಯೆ ಸಾಹೇಬ್ರು ಹನ್ನೊಂದನೇ ತಾರೀಖು ಬರ್ತಾರೆ. ಅವರ ಕೊನೇ ಕಾರ್ಯಕ್ರಮ. ಕುಟುಂಬದ ಪರವಾಗಿ ಹೂಚಕ್ರ ಇಡೋದು ನೀನೇ. ಕಪ್ಪು ಟೋಪಿ ಇದೆಯಾ?"

ಅಲ್ಲಿಂದ ಹನ್ನೊಂದನೇ ತಾರೀಖಿನವರೆಗೆ ಅಶಿಲ್‌ನ ಬದುಕನ್ನು ನೋಡಲಾಗುತ್ತಿರಲಿಲ್ಲ. ಬೇಕರಿಯವಳು ಅವನಿಗೆ ಬ್ರೆಡ್ ಕೊಡುವಾಗ ದನಿ ತಗ್ಗಿಸುತ್ತಿದ್ದಳು. ಬಸ್ಸಿನಲ್ಲಿ ಬಂದ ಪ್ರವಾಸಿಗಳು ಇಂಜಿನ್ನಿನ ಮುಂದೆ ಫೋಟೋ ತೆಗೆಸಿಕೊಂಡು, "ಪಾಪ, ಇದರ ಚಾಲಕ ಸುಟ್ಟು ಹೋದನಂತೆ" ಎಂದು ಅವನಿಗೇ ವಿವರಿಸುತ್ತಿದ್ದರು. ಮೊದಮೊದಲು ತಿದ್ದಲು ಹೋದ. ಅವರು ನಾಣ್ಯ ಕೊಟ್ಟು ಕಳಿಸಲು ಶುರು ಮಾಡಿದ ಮೇಲೆ ಬಿಟ್ಟ. ಒಂದು ಬಟ್ಟೆ ಹಿಡಿದುಕೊಂಡು ಹೋಗಿ ಬಾಯ್ಲರ್ ಮೇಲಿನ ಹಿತ್ತಾಳೆಯ ಗುಮ್ಮಟವನ್ನು ಒರೆಸುವುದು, ಹಬೆಯ ಒತ್ತಡ ತೋರಿಸುವ ಮುಳ್ಳನ್ನು ನೋಡುವುದು, ಅದು ಸೊನ್ನೆಯಲ್ಲೇ ಇದೆಯೆಂದು ಖಚಿತಪಡಿಸಿಕೊಂಡು ಮನೆಗೆ ಬರುವುದು. ಊಟ ಬಿಟ್ಟ. ಗಿಲೇನ್ ಮಾಡಿದ ಕಡುಬನ್ನು ಮತ್ತೆ ನಾಯಿಯೇ ತಿಂದಿತು.

ಹತ್ತನೇ ತಾರೀಖು ಅವಳು ನನ್ನ ಕೆಫೆಗೆ ಬಂದು ಕೌಂಟರಿಗೆ ಒರಗಿದಳು.

"ಬಾಸಿಲ್, ಸ್ಮಾರಕ ಅಲ್ಲಾಡಿಸ್ಬಾರ್ದು ಅಂತ ಕಾಯ್ದೆ ಇದೆ ಅಲ್ವಾ?"

"ಇದೆ."

"ಬಿಸಿ ಮಾಡ್ಬಾರ್ದು ಅಂತ ಇದೆಯಾ?"

ನಾನು ಯೋಚಿಸಿದೆ. ಅಂಥ ಕಾಯ್ದೆ ಮಾಡಬೇಕೆಂದು ಈ ದೇಶದಲ್ಲಿ ಯಾರಿಗೂ ಹೊಳೆದಿರಲಾರದು.

"ನಿನ್ನ ಹಿಂದುಗಡೆ ಇರೋ ಆ ಸೌದೆ ಪೆಟ್ಟಿಗೆ ಕೊಡು," ಎಂದಳು. "ಹದಿನೆಂಟು ವರ್ಷ ನನ್ನ ಗಂಡನ್ನ ತಿಂದಿದಾಳೆ. ಒಂದು ಸಲನಾದ್ರೂ ಕೂಗಿ ಸಾಯ್ಲಿ, ಮುಂಡೇದು." ಹಾಗೆಂದು ಹೇಳಿ ಅವಳು ಅಳತೊಡಗಿದಳು. ನಾನು ಪೆಟ್ಟಿಗೆ ಕೊಟ್ಟೆ.

ಹನ್ನೊಂದರ ಬೆಳಿಗ್ಗೆ ನದಿಯ ಕಡೆಯಿಂದ ಮಂಜು ಎಷ್ಟು ದಟ್ಟವಾಗಿ ಬಂದಿತ್ತೆಂದರೆ ಕೆಫೆಯ ಬಾಗಿಲಿನಿಂದ ಚೌಕ ಕಾಣುತ್ತಿರಲಿಲ್ಲ. ಏಳು ಗಂಟೆಯಿಂದ ಬಕೆಟ್ಟಿನ ಸದ್ದು ಕೇಳುತ್ತಿತ್ತು. ಗಂಡಹೆಂಡತಿ ಇಬ್ಬರೂ ಚೌಕದ ನಲ್ಲಿಯಿಂದ ನೀರು ಹೊತ್ತು ಬಾಯ್ಲರ್ ತುಂಬುತ್ತಿದ್ದರು. ಅರ್ಧ ತುಂಬುವಷ್ಟರಲ್ಲಿ ಹೊತ್ತಾಯಿತೆಂದು ಬೆಂಕಿ ಹಾಕಿದರು. ಹತ್ತೂವರೆಗೆ ನಾನು ಬಾವುಟ ಹಿಡಿದುಕೊಂಡು ಹೋದಾಗ ಜನ ಸೇರಿದ್ದರು. ಇಂಜಿನ್ನಿನ ಸುತ್ತ ಮಂಜು ಬೇರೆಡೆಗಿಂತ ಸ್ವಲ್ಪ ಕಪ್ಪಗಿತ್ತು, ಸ್ವಲ್ಪ ಬೆಚ್ಚಗೂ ಇತ್ತು. ಅಶಿಲ್ ಅದರ ಒಳಗೆ ಬಗ್ಗಿ ಕೂತಿದ್ದನೆಂದು ಗೊತ್ತಿದ್ದವರು ನಾನು, ಗಿಲೇನ್ ಇಬ್ಬರೇ.

"ಏನೋ ಸುಟ್ಟ ವಾಸನೆ?" ಎಂದರು ಪೆಲ್ತಿಯೆ.

"ರೈತರು ಕಳೆ ಸುಡ್ತಿದಾರೆ ಸ್ವಾಮಿ," ಎಂದೆ. ಮಂಜಿನಲ್ಲಿ ಯಾರೂ ಕಳೆ ಸುಡುವುದಿಲ್ಲ. ಮೇಯರ್ ಅದನ್ನು ಕೇಳಿಸಿಕೊಂಡೂ ತಲೆಯಾಡಿಸಿದರು.

ಗಿಲೇನ್ ಕಪ್ಪು ಟೋಪಿಯಲ್ಲಿ ಬಂದು ಹೂಚಕ್ರ ಇಟ್ಟಳು. ಅವಳ ಬಿಳಿ ಕೈಗವಸುಗಳ ಬೆರಳುಗಳೆಲ್ಲ ಮಸಿಯಾಗಿದ್ದವು. ಆಮೇಲೆ ಮೇಯರ್ ಹೆಸರು ಓದತೊಡಗಿದರು. ನಮ್ಮಲ್ಲಿ ಒಂದೊಂದು ಹೆಸರಿಗೂ ಶಾಲೆಯ ಮಕ್ಕಳು ಒಕ್ಕೊರಲಿನಿಂದ ಉತ್ತರ ಕೊಡುತ್ತಾರೆ.

"ಅಲಾರ್, ಎಮಿಲ್!"

"ದೇಶಕ್ಕಾಗಿ ಮಡಿದರು!"

ಮೂವತ್ತೇಳು ಹೆಸರು ಹೀಗೆ ಮುಗಿಯಿತು. ಕೊನೆಯಲ್ಲಿ, ಹೊಸದಾಗಿ ಕೆತ್ತಿದ ಸಾಲು.

"ಬೊಕೆ, ಅಶಿಲ್!"

ಇಂಜಿನ್ನಿನ ಒಳಗೆ ಅಶಿಲ್ ಸಿಳ್ಳೆಯ ಸರಪಳಿ ಎಳೆದ. ಬಂದದ್ದು ನೆಗಡಿಯಾದ ಬೆಕ್ಕಿನ ಸೀನಿನಷ್ಟು ಸದ್ದು. ಹಬೆ ಇನ್ನೂ ಸಾಲದಾಗಿತ್ತು.

"ದೇಶಕ್ಕಾಗಿ ಮಡಿದರು!" ಎಂದರು ಮಕ್ಕಳು.

ಕಹಳೆ ಊದಿದರು. ಒಂದು ನಿಮಿಷದ ಮೌನ. ನಾನು ಬಾವುಟ ಬಾಗಿಸಿದೆ, ಇಡೀ ಊರು ತಲೆ ತಗ್ಗಿಸಿತು.

ಆಗ ಶುರುವಾಯಿತು. ಎಳೆದ ಸರಪಳಿ ಹದಿನೆಂಟು ವರ್ಷದ ಉಜ್ಜುವಿಕೆಯನ್ನೂ ಮೀರಿ ಸಿಕ್ಕಿಹಾಕಿಕೊಂಡಿತ್ತು; ಸಿಳ್ಳೆ ಮುಚ್ಚಿಕೊಳ್ಳಲೇ ಇಲ್ಲ. ಹಬೆ ಏರಿದಂತೆ ಅದೂ ಏರಿತು. ಮೊದಲು ಯಾರೋ ಮುದುಕಿ ನರಳಿದಂತೆ, ಆಮೇಲೆ ಹಸು ಕೂಗಿದಂತೆ, ಆಮೇಲೆ ಯಾವುದರಂತೆಯೂ ಅಲ್ಲ, ಚರ್ಚಿನ ಗಾಜು ನಡುಗುವಂತೆ ಸಿಳ್ಳೆ. ಅರವತ್ತು ವರ್ಷದಿಂದ ಈ ಊರಿನಲ್ಲಿ ಯಾರೂ ಕೇಳಿರದ ಸದ್ದು. ಮೌನಾಚರಣೆಯಲ್ಲಿ ಅಲುಗಾಡುವಂತಿಲ್ಲವಲ್ಲ! ಪೆಲ್ತಿಯೆ ಕಣ್ಣು ಮುಚ್ಚಿಕೊಂಡು ಕೆಂಪಾಗಿ ನಿಂತಿದ್ದರು. ಮೇಯರ್ ತಲೆಯಾಡಿಸುವುದನ್ನೂ ನಿಲ್ಲಿಸಿದ್ದರು. ಒಬ್ಬರೂ ಕೈ ಎತ್ತಿ ಕಿವಿ ಮುಚ್ಚಿಕೊಳ್ಳಲಿಲ್ಲ.

ಅಶಿಲ್‌ಗೆ ಇನ್ನು ತಡೆಯಲಾಗಲಿಲ್ಲ. ಚಕ್ರಗಳಿಗೆ ಹಬೆ ಬಿಡುವ ಹಿಡಿಯನ್ನು ಪೂರ್ತಿ ಎಳೆದ. ಇಂಜಿನ್ ಮುಂದಕ್ಕೊಮ್ಮೆ ಜಗ್ಗಿತು, ಹಿಂದಕ್ಕೊಮ್ಮೆ ಜಗ್ಗಿತು. ಕಟ್ಟೆ ಅದುರಿತು, ಹೂಚಕ್ರ ಉರುಳಿ ಬಿತ್ತು, ಬಿಳಿ ಹಬೆ ಮಂಜಿನಲ್ಲಿ ಸೇರಿ ಮಕ್ಕಳ ಮುಖ ಕಾಣದಂತಾಯಿತು. ಆರು ಚಕ್ರಗಳೂ ತಿರುಗಲು ಹೆಣಗಿದವು. ಕಾಂಕ್ರೀಟಿನಲ್ಲಿ ಬೆರಳುದ್ದ ಬಿರುಕು ಬಿಟ್ಟಿತು. ಅಷ್ಟೇ. ಇಂಜಿನ್ ಒಂದು ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ. ಸಿಕ್ಕಿಕೊಂಡ ಸರಪಳಿ ಬಿಡಿಸುವ ಗಲಾಟೆಯಲ್ಲಿ ಅವನು ನೀರಿನ ಮಟ್ಟ ನೋಡಿರಲಿಲ್ಲ. ನೀರು ಕಮ್ಮಿಯಾದರೆ ಕರಗಲೆಂದೇ ಬೆಂಕಿಗೂಡಿನ ನೆತ್ತಿಗೆ ಇಟ್ಟಿದ್ದ ಸೀಸದ ಬಿರಡೆ ಕರಗಿ, ಮೇಲಿನ ಹಬೆಯೆಲ್ಲ ಬುಸ್ಸೆಂದು ಬೆಂಕಿಯ ಮೇಲೆ ಬಿತ್ತು. ಸಿಳ್ಳೆ ಇಳಿಯುತ್ತಾ ಇಳಿಯುತ್ತಾ ಮತ್ತೆ ಮುದುಕಿಯ ನರಳಾಟವಾಗಿ ನಿಂತಿತು.

ಅಶಿಲ್ ಕೆಳಗಿಳಿದ. ಮುಖ ಕಪ್ಪಗೆ, ಹುಬ್ಬು ಅರ್ಧ ಸುಟ್ಟಿತ್ತು. ನೆತ್ತಿಯ ತಗಡು ಬೆಂದುಹೋದ ಬಾಯ್ಲರಿಗೆ ಇನ್ನು ಯಾರೂ ಮುದ್ರೆ ಒತ್ತುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಗಿಲೇನ್ ಹೋಗಿ ತನ್ನ ಮಸಿಯ ಕೈಗವಸಿನಿಂದ ಅವನ ಮುಖ ಒರೆಸಿ ಇನ್ನಷ್ಟು ಮಸಿ ಮಾಡಿದಳು.

"ಮುಗೀತು ಕಣೇ," ಎಂದ. "ಕೂಗಿದ್ಲು. ಓಡ್ಲಿಲ್ಲ."

ಪೆಲ್ತಿಯೆ ವಾರದೊಳಗೆ ದೂರು ಬರೆದರು: ಸ್ಮಾರಕಕ್ಕೆ ಹಾನಿ, ಮೌನಾಚರಣೆಗೆ ಭಂಗ, ಆರೋಪಿ ಅಶಿಲ್ ಬೊಕೆ. ಅವರದೇ ಕಚೇರಿಯ ಇನ್ನೊಂದು ವಿಭಾಗದಿಂದ ಉತ್ತರ ಬಂತು. ಮದಾಮ್ ಸೊಲಾಂಜ್ ಅದನ್ನು ನನ್ನ ಕೆಫೆಯಲ್ಲೇ ಜೋರಾಗಿ ಓದಿದರು: ‘ನಮ್ಮ ದಾಖಲೆಯಂತೆ ಸದರಿ ಅಶಿಲ್ ಬೊಕೆಯವರು ದೇಶಕ್ಕಾಗಿ ಮಡಿದಿರುತ್ತಾರೆ. ಮೃತರ ಮೇಲೆ ಕ್ರಮ ಸಾಧ್ಯವಿಲ್ಲ. ಮೌನಾಚರಣೆಗೆ ಬೇರೆ ಯಾರಾದರೂ ಭಂಗ ತಂದಿದ್ದಲ್ಲಿ ತಿಳಿಸುವುದು.’

"ನೀನು ಬದುಕಿದೀಯ ಅಂತ ಸಾಬೀತಾದ್ರೆ ಜೈಲು," ಎಂದೆ ಅಶಿಲ್‌ಗೆ. "ಸುಮ್ನೆ ಸತ್ತಿರೋದೇ ವಾಸಿ."

ಅವನು ತಲೆಯಾಡಿಸಿದ. ಅಂದಿನಿಂದ ಸತ್ತೇ ಇದ್ದಾನೆ. ಬೆಳಿಗ್ಗೆ ಬಂದು ಕಾಫಿ ಕುಡಿದು, ಕಹಿ ಎಂದು ದೂರಿ, ಬಟ್ಟೆ ಹಿಡಿದು ಚೌಕಕ್ಕೆ ಹೋಗುತ್ತಾನೆ. ಬಿರುಕನ್ನು ಮುಚ್ಚಲು ಮೇಸ್ತ್ರಿ ಎರಡು ಸಲ ಬಂದ. ಎರಡು ಸಲವೂ ಗಿಲೇನ್ ಪೊರಕೆ ಹಿಡಿದು ಅಲ್ಲಿ ನಿಂತಿದ್ದಳು, ಮೇಸ್ತ್ರಿ ಹಾಗೇ ವಾಪಸ್ಸು ಹೋದ.

ಪ್ರತಿ ವರ್ಷ ನವೆಂಬರ್ ಹನ್ನೊಂದರಂದು ಮೇಯರ್ ಈಗಲೂ ಕೊನೆಯ ಸಾಲು ಓದುತ್ತಾರೆ. "ಬೊಕೆ, ಅಶಿಲ್!" ಮಕ್ಕಳು "ದೇಶಕ್ಕಾಗಿ ಮಡಿದರು!" ಎನ್ನುತ್ತಾರೆ. ಬಾವುಟ ಬಾಗಿಸುತ್ತಿರುವ ನನಗೆ ಗುಂಪಿನ ಹಿಂದಿನಿಂದ ಒಂದು ಮೆಲ್ಲನೆಯ ದನಿ ಕೇಳಿಸುತ್ತದೆ.

"ದೇಶಕ್ಕಲ್ಲ ಮಕ್ಳಾ. ಇಂಜಿನ್ನಿಗೆ."